ಬೇರೆಯವರ ಹೊಲದಲ್ಲಿ ಹಚ್ಚಿದ ಬೆಂಕಿ

2025ರ ಮೇ 7. ಆವತ್ತು ದೇಶದ ತುಂಬಾ, ಶತ್ರು ದಾಳಿಯಾದರೆ ಏನು ಮಾಡಬೇಕು ಅನ್ನುವ ಮಾಕ್ ಡ್ರಿಲ್ ಇತ್ತು. ನಮ್ಮ ಕಡೆ ಬೆಂಗಳೂರು, ಕಾರವಾರ, ರಾಯಚೂರಿನಲ್ಲಿ ಸೈರನ್ ಕೂಗಿಸುತ್ತಾರೆ ಅಂತ ಬೆಳಗ್ಗೆಯಿಂದ ಟೀವಿಯಲ್ಲಿ ಅದೇ ಸುದ್ದಿ. ನಮ್ಮ ಬೀದಿಯವರಿಗೆ ದೀಪ ಆರಿಸಿ ಅಂತ ಯಾರೂ ಹೇಳಿರಲಿಲ್ಲ. ಆದರೂ ನಾನು ಸಂಜೆ ಆಫೀಸಿನಿಂದ ಬಂದಾಗ ಮನೆ ಪೂರ್ತಿ ಕತ್ತಲು. ಕರೆಂಟ್ ಹೋಗಿದೆ ಅಂದುಕೊಂಡು ಸ್ವಿಚ್ ಒತ್ತಲು ಹೋದೆ. "ಹಾಕಬೇಡ" ಅಂತ ಒಳಗಿಂದ ಅಮ್ಮನ ದನಿ ಬಂತು. ಕಿಟಕಿಗಳಿಗೆಲ್ಲ ಹಳೆ ಬೆಡ್‌ಶೀಟ್ ಸಿಕ್ಕಿಸಿದ್ದಳು. ದೇವರ ಗೂಡಿನ ದೀಪ ಮಾತ್ರ ಅವಳಿಗೆ ಆರಿಸಲು ಆಗಿಲ್ಲ. ಸಂಜೆ ಹೊತ್ತು ದೇವರ ದೀಪ ಆರಿಸೋದು ಹೇಗೆ ಅಲ್ವಾ? ಅದನ್ನು ಹುಷಾರಾಗಿ ಇಳಿಸಿ ಅಡುಗೆಮನೆ ಬಾಗಿಲ ಹಿಂದೆ ನೆಲದ ಮೇಲಿಟ್ಟು, ಬೆಳಕು ಹೊರಗೆ ಬರದ ಹಾಗೆ ಮುಂದೆ ಒಂದು ಸ್ಟೀಲ್ ಹರಿವಾಣ ಅಡ್ಡ ಇಟ್ಟಿದ್ದಳು. ಹರಿವಾಣದ ಅಂಚಿನಿಂದ ಒಂದು ಗೆರೆ ಬೆಳಕು ಮಾತ್ರ ಗೋಡೆ ಮೇಲೆ ಬಿದ್ದಿತ್ತು. ನಾನು ನಗಲಿಲ್ಲ. ಅವಳ ಪಕ್ಕ ಕುರ್ಚಿ ಎಳೆದುಕೊಂಡು ಸುಮ್ನೆ ಕೂತೆ.

ಅಮ್ಮ ಬೆಳೆದದ್ದು ಮುಂಬೈನಲ್ಲಿ, ಮಾಹಿಮ್ ಹತ್ತಿರದ ಒಂದು ಚಾಳಿನಲ್ಲಿ. ಅಜ್ಜ ಮಾಟುಂಗಾದ ಒಂದು ಹೋಟೆಲಿನಲ್ಲಿ ಗಲ್ಲೆಯಲ್ಲಿ ಕೂರುತ್ತಿದ್ದರು. 1971ರ ಡಿಸೆಂಬರಿನಲ್ಲಿ, ಪಾಕಿಸ್ತಾನದ ಜೊತೆ ಯುದ್ಧ ನಡೆದಾಗ, ಅವಳಿಗೆ ಒಂಬತ್ತು ವರ್ಷ. ಗಾಜಿಗೆ ಕಪ್ಪು ಕಾಗದ ಅಂಟಿಸಿದ್ದು, ಟ್ಯಾಕ್ಸಿಗಳ ಹೆಡ್‌ಲೈಟಿಗೆ ಅರ್ಧ ಕಪ್ಪು ಬಣ್ಣ ಬಳಿದಿದ್ದು, ಸೈರನ್ ಆದಮೇಲೆ ಯಾರದ್ದಾದರೂ ಕೋಣೆಯಲ್ಲಿ ದೀಪ ಕಂಡರೆ ಕೆಳಗಿನಿಂದ ಹುಡುಗರು ಬೈಯುತ್ತಿದ್ದದ್ದು, ಇದೆಲ್ಲ ನಾನು ಚಿಕ್ಕಂದಿನಿಂದ ಕೇಳಿದ ಕತೆ. ಆದರೆ ಆ ಸಂಜೆ ಕತ್ತಲಲ್ಲಿ ಕೂತಾಗ ನನ್ನ ತಲೆಗೆ ಬಂದದ್ದು ಅದಲ್ಲ. ಇಂಗ್ಲೆಂಡಿನಲ್ಲಿ ಒಂದು ಬೋಳು ಗುಡ್ಡದ ಮೇಲೆ ನಿಂತಿದ್ದ ಒಂದು ಭಾನುವಾರ. ಅವತ್ತಿನಿಂದ ಒಂದು ಪ್ರಶ್ನೆ ನನ್ನೊಳಗೆ ಕೂತುಬಿಟ್ಟಿದೆ. ಅದನ್ನು ಇಲ್ಲಿ ಬರೆದು ನೋಡುತ್ತೇನೆ.

ಬ್ಲ್ಯಾಕ್ ಡೌನ್ ಗುಡ್ಡ

ಕೆಲಸದ ಮೇಲೆ ಎರಡು ವರ್ಷ ಬ್ರಿಸ್ಟಲ್‌ನಲ್ಲಿದ್ದೆ. ಊರಿನ ನಡುವೆ ಕ್ಯಾಸಲ್ ಪಾರ್ಕ್ ಅಂತ ಇದೆ. ಮಧ್ಯಾಹ್ನ ಡಬ್ಬಿ ಹಿಡಿದುಕೊಂಡು ಅಲ್ಲಿಗೆ ಹೋಗುತ್ತಿದ್ದೆ. ಹಸಿರು ಹುಲ್ಲು, ಪಕ್ಕದಲ್ಲಿ ನದಿ, ಮಧ್ಯದಲ್ಲಿ ಛಾವಣಿ ಇಲ್ಲದ ಸೇಂಟ್ ಪೀಟರ್ಸ್ ಚರ್ಚ್. ಇದೇನು ಇಷ್ಟು ದೊಡ್ಡ ಊರಿನ ನಡುಮಧ್ಯೆ ಇಷ್ಟು ಜಾಗ ಖಾಲಿ ಬಿಟ್ಟಿದ್ದಾರೆ ಅಂತ ಮೊದಮೊದಲು ಖುಷಿಯಾಗಿತ್ತು. ಆಮೇಲೆ ಗೊತ್ತಾಯಿತು, ಯಾರೂ ಖಾಲಿ ಬಿಟ್ಟದ್ದಲ್ಲ. ಅದು ಆ ಊರಿನ ಪೇಟೆಬೀದಿ. ಎರಡನೇ ಮಹಾಯುದ್ಧದಲ್ಲಿ, 1940ರ ನವೆಂಬರ್ 24ರ ರಾತ್ರಿ, ಜರ್ಮನ್ ವಿಮಾನಗಳು ಅದನ್ನು ಸುಟ್ಟವು. ಚರ್ಚಿನ ಗೋಡೆಯ ಮೇಲೆ ಬಾಂಬ್ ದಾಳಿಯಲ್ಲಿ ಸತ್ತ ಊರಿನವರ ಹೆಸರುಗಳ ಫಲಕ ಇದೆ. ಒಂದೇ ಮನೆತನದ ಹೆಸರು ಸಾಲಾಗಿ ಬಂದ ಕಡೆ ಕಣ್ಣು ನಿಲ್ಲುತ್ತದೆ. ಡಬ್ಬಿ ತೆರೆಯಲು ಮನಸ್ಸಾಗೋದಿಲ್ಲ.

ಆಫೀಸಿನ ಒಬ್ಬರ ಹತ್ತಿರ ಇದನ್ನು ಹೇಳಿದಾಗ, "ಹಾಗಾದರೆ ನೀನು ಬ್ಲ್ಯಾಕ್ ಡೌನ್‌ಗೂ ಹೋಗಬೇಕು. ಅಲ್ಲಿ ಇನ್ನೊಂದು ಬ್ರಿಸ್ಟಲ್ ಇತ್ತು" ಅಂದರು. ಬ್ರಿಸ್ಟಲ್‌ನಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ದಕ್ಷಿಣಕ್ಕೆ ಮೆಂಡಿಪ್ ಬೆಟ್ಟಸಾಲು. ಅದರಲ್ಲಿ ಎಲ್ಲಕ್ಕಿಂತ ಎತ್ತರದ ಗುಡ್ಡ ಬ್ಲ್ಯಾಕ್ ಡೌನ್. ಅಕ್ಟೋಬರಿನ ಒಂದು ಭಾನುವಾರ ಬರಿಂಗ್‌ಟನ್ ಕಡೆಯಿಂದ ಹತ್ತಿದೆ. ನಮ್ಮ ಘಟ್ಟದ ಹಾಗೆ ಕಾಡಿಲ್ಲ, ಮರವೇ ಕಡಿಮೆ. ಮೊಣಕಾಲುದ್ದದ ಕುರುಚಲು ಪೊದೆ, ಕೆಸರು, ಅಲ್ಲಲ್ಲಿ ಮೇಯುವ ಕುದುರೆಗಳು, ಕಿವಿ ಕಿತ್ತುಹೋಗುವಂಥ ಗಾಳಿ. ಮೇಲೆ ಹೋಗಿ ನೋಡಿದರೆ ಉದ್ದಕ್ಕೆ ಸಾಲುಸಾಲು ಮಣ್ಣು ಕಲ್ಲಿನ ದಿಬ್ಬೆಗಳು. ಒಂದೊಂದೂ ಸೊಂಟದ ಎತ್ತರವೂ ಇಲ್ಲ. ಹುಲ್ಲು ಬೆಳೆದು ಸಮಾಧಿಗಳ ಹಾಗೆ ಕಾಣುತ್ತವೆ. ಶತ್ರು ವಿಮಾನ ಅಲ್ಲಿ ಇಳಿಯದ ಹಾಗೆ ಮಾಡಿದ್ದ ಅಡ್ಡಿಗಳು ಅವು. ಅದೇ ಗುಡ್ಡದ ಮೇಲೆ ಬ್ರಿಸ್ಟಲ್‌ನ ಬೀದಿಗಳನ್ನೂ ರೈಲು ದಾರಿಯನ್ನೂ ಮಂದ ಕೆಂಪು ದೀಪಗಳಲ್ಲಿ ಬಿಡಿಸಿದ್ದರು. ಬೆಂಕಿ ಬಿದ್ದ ಮನೆಗಳ ಹಾಗೆ ಕಾಣಲಿ ಅಂತ ಎಣ್ಣೆಯ ಡ್ರಮ್‌ಗಳು, ಮರದ ಕಂಬಕ್ಕೆ ಬಳಿಯುವ ಕ್ರಿಯೋಸೋಟ್ ಎಣ್ಣೆಯಲ್ಲಿ ನೆನೆಸಿದ ಹುಲ್ಲಿನ ಕಂತೆಗಳು. ಊರಿನ ಮೇಲೆ ದಾಳಿಯಾದ ರಾತ್ರಿ ಇವಕ್ಕೆ ಬೆಂಕಿ ಕೊಡುವುದು. ಮೇಲಿನಿಂದ ನೋಡಿದ ಪೈಲಟ್‌ಗೆ ಉರಿಯುತ್ತಿರುವ ಬ್ರಿಸ್ಟಲ್ ಇದೇ ಅನ್ನಿಸಬೇಕು, ಉಳಿದ ಬಾಂಬುಗಳನ್ನು ಇಲ್ಲಿಗೇ ಸುರಿಯಬೇಕು.

ನನಗೆ ತಕ್ಷಣ ನೆನಪಾದದ್ದು ಕೊಳ್ಳಿದೆವ್ವ. ಕತ್ತಲಲ್ಲಿ ನಡೆಯುವವನಿಗೆ ದೂರದಲ್ಲಿ ಬೆಳಕು ತೋರಿಸಿ ದಾರಿ ತಪ್ಪಿಸಿ ಕೆರೆಗೋ ಹಾಳುಬಾವಿಗೋ ಕರೆದೊಯ್ಯುತ್ತೆ ಅಂತ ಹೆದರಿಸುತ್ತಿದ್ದರಲ್ಲ, ಅದು. ಇಲ್ಲಿ ಸರ್ಕಾರವೇ ಇಂಜಿನಿಯರುಗಳನ್ನು ಕೂರಿಸಿ ಕೊಳ್ಳಿದೆವ್ವ ಮಾಡಿಸಿತ್ತು.

ಬೆಂಕಿ ಹಚ್ಚುವ ಕೆಲಸ

ಇದರ ಹಿಂದಿದ್ದವರು ಕರ್ನಲ್ ಜಾನ್ ಟರ್ನರ್. ಕಟ್ಟಡ ಕೆಲಸ ಬಲ್ಲ ಇಂಜಿನಿಯರ್. ಇಲಾಖೆಯ ಹೆಸರೇ 'ಕರ್ನಲ್ ಟರ್ನರ್‌ ಅವರ ಇಲಾಖೆ'. ಏನು ಮಾಡುತ್ತಾರೆ ಅಂತ ಹೆಸರಿನಿಂದ ಯಾರಿಗೂ ಗೊತ್ತಾಗಬಾರದು, ಅದಕ್ಕೆ. ಮೊದಲು ಅವರು ಮಾಡಿದ್ದು ಸುಳ್ಳು ವಿಮಾನ ನಿಲ್ದಾಣ. ಹಗಲಿಗೆ ಮರ ಮತ್ತು ಕ್ಯಾನ್ವಾಸಿನ ವಿಮಾನಗಳು, ರಾತ್ರಿಗೆ ಬರೀ ರನ್‌ವೇ ದೀಪಗಳ ಸಾಲು. ಆ ಕ್ಯಾನ್ವಾಸ್ ವಿಮಾನಗಳನ್ನು ಮಾಡಿಕೊಟ್ಟವರು ಶೆಪರ್‌ಟನ್‌ನ ಸಿನಿಮಾ ಸ್ಟುಡಿಯೋದ ಸೆಟ್ ಕೆಲಸದವರು. ನಾಟಕದ ಪರದೆ ಬರೆಯುವವರ ಕೈ ಯುದ್ಧಕ್ಕೆ ಬಂತು.

1940ರ ನವೆಂಬರ್ 14ರ ರಾತ್ರಿ ಕೊವೆಂಟ್ರಿ ಊರು ಸುಟ್ಟುಹೋಯಿತು. ಐನೂರಕ್ಕೂ ಜಾಸ್ತಿ ಜನ ಸತ್ತರು. ಆಗ ಜರ್ಮನ್ನರ ಪದ್ಧತಿ ಸ್ಪಷ್ಟವಾಯಿತು. ಮೊದಲು ಬರುವ ಕೆಲವು ವಿಮಾನಗಳು ಬೆಂಕಿ ಬಾಂಬ್ ಹಾಕಿ ಊರನ್ನು ಹೊತ್ತಿಸುತ್ತವೆ. ಹಿಂದೆ ಬರುವ ನೂರಾರು ವಿಮಾನಗಳು ಭೂಪಟ ನೋಡುವುದೇ ಇಲ್ಲ, ಬೆಂಕಿಯನ್ನೇ ನೋಡಿಕೊಂಡು ಬಾಂಬ್ ಸುರಿಯುತ್ತವೆ. ಹಾಗಿದ್ದರೆ ಬೆಂಕಿಯನ್ನೇ ಬೇರೆ ಕಡೆ ಇಟ್ಟರೆ? ಆ ಕೆಲಸ ಟರ್ನರ್ ಪಾಲಿಗೆ ಬಂತು. ಈ ಸುಳ್ಳು ಬೆಂಕಿಯ ಜಾಗಗಳಿಗೆ 'ಸ್ಟಾರ್‌ಫಿಶ್' ಅಂತ ಗುಟ್ಟಿನ ಹೆಸರಾಯಿತು. ಬ್ರಿಸ್ಟಲ್ ಸುತ್ತಲಿನವು ಇವುಗಳಲ್ಲಿ ಮೊದಮೊದಲಿನವು. ಯುದ್ಧ ಮುಗಿಯುವ ಹೊತ್ತಿಗೆ 81 ಊರು ಪಟ್ಟಣಗಳನ್ನು ಕಾಯಲು 237 ಸ್ಟಾರ್‌ಫಿಶ್‌ಗಳಿದ್ದವು.

ಬೆಂಕಿ ಹಚ್ಚುವುದೇನು ಮಹಾ ಅಂತ ಅನ್ನಿಸಬಹುದು. ಅದರಲ್ಲೂ ಬಗೆಬಗೆ ಇತ್ತು. ಮನೆ ಉರಿಯುವ ಬೆಂಕಿ ಒಂದು ಥರ, ಕಾರ್ಖಾನೆ ಉರಿಯುವುದು ಇನ್ನೊಂದು ಥರ. ತಂತಿಯ ಬುಟ್ಟಿಗಳಲ್ಲಿ ಕಟ್ಟಿಗೆ ಮತ್ತು ಕ್ರಿಯೋಸೋಟ್ ತುಂಬಿ ಸಾಲಾಗಿ ಇಟ್ಟರೆ ಅದು ಮನೆಗಳ ಸಾಲು. ಎಣ್ಣೆಯ ಬೆಂಕಿಯ ಕೆಲಸ ಇನ್ನೂ ನಾಜೂಕಿನದು. ಕೆಳಗೆ ಕಬ್ಬಿಣದ ತೊಟ್ಟಿಯಲ್ಲಿ ಕಲ್ಲಿದ್ದಲು ಉರಿದು ಕೆಂಪಗೆ ಕಾದಿರುತ್ತದೆ. ಮೇಲಿನ ಟ್ಯಾಂಕಿನಿಂದ ಕೊಳವೆಯಲ್ಲಿ ಎಣ್ಣೆ ಬಿಡುತ್ತಾರೆ. ಅದು ಕುದಿಯುತ್ತಿದ್ದ ಹಾಗೆ ಇನ್ನೊಂದು ಟ್ಯಾಂಕಿನಿಂದ ನೀರು ಬಿಡುತ್ತಾರೆ. ಕಾದ ಬಾಣಲೆಗೆ ನಾಲ್ಕು ಹನಿ ನೀರು ಬಿದ್ದರೆ ಏನಾಗುತ್ತೆ ಅಂತ ಒಲೆ ಮುಂದೆ ನಿಂತ ಎಲ್ಲರಿಗೂ ಗೊತ್ತು. ಇಲ್ಲಿ ಬೀಳುತ್ತಿದ್ದದ್ದು ಹನಿಯಲ್ಲ. ಉರಿ ನಲವತ್ತು ಅಡಿ ಎದ್ದು, ಇಳಿದು, ಮತ್ತೆ ಏಳುತ್ತಿತ್ತು. ಮೇಲಿಂದ ನೋಡಿದವನಿಗೆ ಒಂದೊಂದು ಛಾವಣಿ ಕುಸಿದಾಗ ಒಳಗಿನ ಬೆಂಕಿ ಭುಗಿಲ್ ಅಂದ ಹಾಗೆ.

ಇನ್ನೊಂದು ಬಗೆಯ ಜಾಗಗಳಲ್ಲಿ ಬೆಂಕಿಯೇ ಇರಲಿಲ್ಲ, ಬರೀ ಬೆಳಕು. ಅದರ ಬಗ್ಗೆ ನನಗೆ ತುಂಬಾ ಬೆರಗು. ಊರೆಲ್ಲ ದೀಪ ಆರಿಸಿದ್ದರೂ ಎಲ್ಲೋ ಒಂದು ಬಾಗಿಲು ಅರ್ಧ ತೆರೆದಿರುತ್ತದೆ, ಕುಲುಮೆಯ ಕೆಂಪು ಹೊರಗೆ ಇಣುಕುತ್ತದೆ, ಟ್ರಾಮ್ ತಂತಿಯಲ್ಲಿ ನೀಲಿ ಕಿಡಿ ಹಾರುತ್ತದೆ. ಈ ಸಣ್ಣಪುಟ್ಟ ಅಜಾಗ್ರತೆಗಳನ್ನೇ ಹೊಲದ ನಡುವೆ ಬಲ್ಬಿನಲ್ಲಿ ಮಾಡಿ ಇಡುತ್ತಿದ್ದರು. ತೀರಾ ಜೋರಾಗಿ ಬೆಳಗಿದರೆ ಪೈಲಟ್‌ಗೆ ಅನುಮಾನ ಬರುತ್ತದೆ. ಆದ್ದರಿಂದ ಮರೆಮಾಚಲು ಹೋಗಿ ಸ್ವಲ್ಪ ಎಡವಿದ ಹಾಗೆ ಕಾಣಬೇಕು. ಅಮ್ಮನ ಹರಿವಾಣದ ಅಂಚಿನಿಂದ ಗೋಡೆಗೆ ಬಿದ್ದ ಆ ಗೆರೆ ಬೆಳಕು ನೋಡಿದಾಗ ಇದೇ ನನ್ನ ಕಣ್ಣ ಮುಂದೆ ಬಂದದ್ದು.

ಆ ಎರಡು ಕೋಣೆ

ಬ್ಲ್ಯಾಕ್ ಡೌನ್ ಮೇಲೆ ಈ ಸುಳ್ಳು ಬೆಂಕಿ ಹಚ್ಚುವವರು ಕೂರುತ್ತಿದ್ದ ಬಂಕರ್ ಇನ್ನೂ ಇದೆ. ಹತ್ತಿರ ಹೋಗುವ ತನಕ ಕಾಣುವುದಿಲ್ಲ, ಮೇಲೆಲ್ಲ ಮಣ್ಣು ಏರಿಸಿದ್ದಾರೆ. ಬಗ್ಗಿ ಒಳಗೆ ಹೋದೆ. ಈ ಬಂಕರ್‌ಗಳಲ್ಲಿ ಸಾಮಾನ್ಯವಾಗಿ ಎರಡೇ ಕೋಣೆ. ಒಂದರಲ್ಲಿ ಜನರೇಟರ್, ಇನ್ನೊಂದರಲ್ಲಿ ಸ್ವಿಚ್‌ಗಳು ಮತ್ತು ಒಂದು ಟೆಲಿಫೋನ್. ನಾನು ಹೋದಾಗ ಎರಡೂ ಖಾಲಿ. ಒದ್ದೆ ಇಟ್ಟಿಗೆಯ ವಾಸನೆ, ನೆಲದಲ್ಲಿ ಕುರಿ ಹಿಕ್ಕೆ, ಗೋಡೆಯಲ್ಲಿ ತಂತಿ ಹೋಗಲು ಮಾಡಿದ್ದ ತೂತು. ಆ ತೂತಿಗೆ ಬೆರಳಿಟ್ಟೆ. ತಣ್ಣಗಿತ್ತು.

ಅಲ್ಲಿ ಕೂತಿದ್ದವರು ವಾಯುಪಡೆಯ ಮಾಮೂಲಿ ಹುಡುಗರು. ಅವರ ಕೆಲಸ ಹೇಗಿತ್ತು ಅಂತ ಯೋಚಿಸಿ. ಕತ್ತಲಲ್ಲಿ ಕಾಯಬೇಕು. ದೂರದಲ್ಲಿ ಊರಿನ ಮೇಲೆ ಮೊದಲ ಬಾಂಬ್ ಬೀಳುವುದು ಕೇಳಬೇಕು. ಅಷ್ಟಕ್ಕೇ ಬೆಂಕಿ ಹಚ್ಚಿದರೆ ಕೆಲಸ ಕೆಡುತ್ತದೆ. ಊರಿನ ಬೆಂಕಿಯನ್ನು ಅಲ್ಲಿನ ಅಗ್ನಿಶಾಮಕದವರು ಅಷ್ಟಿಷ್ಟಾದರೂ ಅಡಗಿಸಿದ ಹೊತ್ತು, ಎರಡನೇ ಅಲೆಯ ವಿಮಾನಗಳು ಇನ್ನೂ ಬಾರದ ಹೊತ್ತು, ಆ ನಡುವಿನ ಸ್ವಲ್ಪ ಸಮಯದಲ್ಲಿ ಫೋನ್ ಬರುತ್ತದೆ. ಆಗ ಸ್ವಿಚ್ ಒತ್ತಬೇಕು. ಅಂದರೆ, ಬಾಂಬ್ ಇಲ್ಲಿಗೆ ಬಾ ಅಂತ ತಾವೇ ಕರೆಯಬೇಕು. ಕರೆದು ಅಲ್ಲೇ ಕೂರಬೇಕು. ಬಾಂಬ್ ಬೀಳದಿದ್ದರೆ ಅವತ್ತು ಅವರು ಸೋತ ಹಾಗೆ, ಬಿದ್ದರೆ ಗೆದ್ದ ಹಾಗೆ.

ಅಲ್ಲಿ ನಿಂತಾಗ ನನಗೆ ನೆನಪಾದದ್ದು ಕುಂದಾಪುರದ ಕಡೆಯ ನಮ್ಮ ಅಮ್ಮಮ್ಮನ ಮನೆ. ಅಜ್ಜ ಕೆಲಸ ಬಿಟ್ಟ ಮೇಲೆ ಅವರು ಮುಂಬೈನಿಂದ ಊರಿಗೇ ವಾಪಸ್ ಬಂದಿದ್ದರು. ಬೇಸಿಗೆಯಲ್ಲಿ ಗದ್ದೆಯಲ್ಲಿ ಸೌತೆ, ಕುಂಬಳ ಬಳ್ಳಿ ಹಬ್ಬಿಸುತ್ತಿದ್ದರು. ನಡುವೆ ಒಂದು ಬೆರ್ಚಪ್ಪ. ಅಜ್ಜನ ಹಳೇ ಅಂಗಿ, ಹುಲ್ಲಿನ ಕೈ, ಮಸಿ ಬಳಿದ ಮಡಕೆ ತಲೆ, ಅದರ ಮೇಲೆ ಸುಣ್ಣದ ಬೊಟ್ಟು. ಇದು ಹಕ್ಕಿ ಓಡಿಸೋಕಾ ಅಂತ ಕೇಳಿದ್ದೆ. ಹಕ್ಕಿಗೂ ಹೌದು, ಮನುಷ್ಯರಿಗೂ ಹೌದು ಅಂದಿದ್ದರು. "ದಾರಿಯಂಗೆ ಹೋಪರ್ ಕಣ್ಣ್ ಮೊದ್ಲ್ ಅದ್ರ್ ಮೇಲೆ ಬೀಳ್ಕ್ ಮಗಾ, ಬಳ್ಳಿ ಮೇಲೆ ಬೀಳೂಕಾಗ." ಬೆಂಗಳೂರಿನಲ್ಲಿ ಕಟ್ಟುತ್ತಿರುವ ಪ್ರತಿ ಮನೆ ಮುಂದೆ ನೇತಾಡುವ ದೃಷ್ಟಿಬೊಂಬೆಯ ಕೆಲಸವೂ ಅದೇ. ಕೆಟ್ಟ ಕಣ್ಣನ್ನು ಯಾರೂ ತಡೆಯಲಾರರು, ಅದು ಎಲ್ಲಿ ಬೀಳಬೇಕು ಅನ್ನುವುದನ್ನು ಮಾತ್ರ ಬದಲಾಯಿಸಬಹುದು. ಆದರೆ ಬೆರ್ಚಪ್ಪನ ಒಳಗೆ ಹುಲ್ಲಿತ್ತು. ಈ ಬಂಕರ್ ಒಳಗೆ ಇಪ್ಪತ್ತು ಇಪ್ಪತ್ತೆರಡರ ಹುಡುಗರಿದ್ದರು.

ಗುಡ್ಡದ ಕೆಳಗೆ ನೋಡಿದರೆ ಹಳ್ಳಿಗಳು. ಹೊಗೆಗೂಡು, ಕಲ್ಲಿನ ಬೇಲಿ, ದನದ ಕೊಟ್ಟಿಗೆ. ನನ್ನ ಪ್ರಶ್ನೆ ಹುಟ್ಟಿದ್ದು ಅಲ್ಲಿ. ಇವರನ್ನು ಯಾರಾದರೂ ಕೇಳಿದ್ದರಾ?

ಎರಡು ಕೋಳಿ

ನಿಯಮ ಇತ್ತು. ಕಾಯಬೇಕಾದ ಊರಿನಿಂದ ಸ್ಟಾರ್‌ಫಿಶ್ ಕನಿಷ್ಠ ನಾಲ್ಕು ಮೈಲಿ ದೂರ ಇರಬೇಕು, ಬೇರೆ ಯಾವುದೇ ಊರಿನಿಂದ ಒಂದು ಮೈಲಿ. ಬೇಕಾಬಿಟ್ಟಿ ಮಾಡಿದ್ದಲ್ಲ ಅಂತ ಇದರಿಂದ ತಿಳಿಯುತ್ತದೆ, ಅದನ್ನು ನಾನು ಒಪ್ಪುತ್ತೇನೆ. ಆದರೆ ರಾತ್ರಿ ಎಷ್ಟೋ ಸಾವಿರ ಅಡಿ ಮೇಲಿನಿಂದ ಬಿದ್ದ ಬಾಂಬಿಗೆ ಒಂದು ಮೈಲಿ ಏನು ಲೆಕ್ಕ? ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಒಂಟಿ ತೋಟದ ಮನೆಗಳು ಎಲ್ಲ ಕಡೆ ಇವೆ, ಅವು ಯಾವ ಊರಿನ ಲೆಕ್ಕಕ್ಕೂ ಬರುವುದಿಲ್ಲ. ಅಲ್ಲಿದ್ದವರಿಗೆ ಪಕ್ಕದ ಬಯಲಿನಲ್ಲಿ ಏನು ನಡೆಯುತ್ತಿದೆ ಅಂತ ಬಾಯಿಬಿಟ್ಟು ಹೇಳುವ ಹಾಗೂ ಇರಲಿಲ್ಲ. ಹೇಳಿದರೆ ಗುಟ್ಟು ಉಳಿಯಲ್ಲ, ಗುಟ್ಟು ಉಳಿಯದಿದ್ದರೆ ಊರು ಉಳಿಯಲ್ಲ.

1941ರ ಮೇ 8ರ ರಾತ್ರಿಯ ಲೆಕ್ಕ ನೋಡಿ. ಜರ್ಮನ್ನರ ಗುರಿ ಎರಡು ಊರು, ಡರ್ಬಿ ಮತ್ತು ನಾಟಿಂಗ್‌ಹ್ಯಾಮ್. ಡರ್ಬಿಯಲ್ಲಿ ವಿಮಾನದ ಎಂಜಿನ್ ಮಾಡುವ ರೋಲ್ಸ್ ರಾಯ್ಸ್ ಕಾರ್ಖಾನೆ. ಆ ರಾತ್ರಿ ಬ್ರಿಟಿಷರು ಜರ್ಮನ್ ವಿಮಾನಗಳಿಗೆ ದಾರಿ ತೋರಿಸುವ ರೇಡಿಯೋ ಕಿರಣಗಳನ್ನೂ ಕೆಡಿಸಿದ್ದರು, ಸುಳ್ಳು ಬೆಂಕಿಯನ್ನೂ ಹಚ್ಚಿದ್ದರು. ಡರ್ಬಿ ಮೇಲೆ ಬೀಳಬೇಕಾದದ್ದು ನಾಟಿಂಗ್‌ಹ್ಯಾಮ್ ಮೇಲೆ ಬಿತ್ತು. ನಾಟಿಂಗ್‌ಹ್ಯಾಮ್ ಮೇಲೆ ಬೀಳಬೇಕಾದದ್ದು ಪೂರ್ವದ ಬೆಲ್ವೊಯರ್ ಕಣಿವೆಯ ಹೊಲಗಳಲ್ಲಿ ಬಿತ್ತು. ಬಯಲಿಗೆ ಬಿದ್ದ ಬಾಂಬ್ 230, ಅಲ್ಲಿ ಸತ್ತದ್ದು ಎರಡು ಕೋಳಿ ಅಂತ ಚರ್ಚಿಲ್ ಯುದ್ಧ ಮುಗಿದ ಮೇಲೆ ಬರೆದರು. ಮೊದಲ ಸಲ ಇದನ್ನು ಓದಿದಾಗ ಎಷ್ಟು ಸಮಾಧಾನವಾಯಿತು ಅಂದರೆ, ಆ ಎರಡು ಕೋಳಿಯ ಮನೆಯವರಿಗೆ ಕೈ ಮುಗಿಯಬೇಕು ಅನ್ನಿಸಿತು. ಆಮೇಲೆ ಇನ್ನರ್ಧ ಗೊತ್ತಾಯಿತು. ಅದೇ ರಾತ್ರಿ ನಾಟಿಂಗ್‌ಹ್ಯಾಮ್‌ನಲ್ಲಿ ನೂರೈವತ್ತರಷ್ಟು ಜನ ಸತ್ತಿದ್ದಾರೆ. ಡರ್ಬಿಯ ಪಾಲಿನ ಬಾಂಬಿಗೆ. ಆ ಕಾರ್ಖಾನೆ ಹೋಗಿದ್ದರೆ ಆಕಾಶದಲ್ಲಿ ಹೋರಾಡುವ ವಿಮಾನಗಳಿಗೆ ಎಂಜಿನ್ ಎಲ್ಲಿಂದ ಬರುತ್ತಿತ್ತು ಅನ್ನುವ ಮಾತೂ ನಿಜ. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳೋದು ನನಗೆ ಇವತ್ತಿಗೂ ಕಷ್ಟ.

ಅದಕ್ಕೆ ಮೂರು ವಾರ ಮುಂಚೆ, ಏಪ್ರಿಲ್ 17ರ ರಾತ್ರಿ, ಪೋರ್ಟ್ಸ್‌ಮತ್ ಬಂದರಿನ ಮೇಲೆ ಬೀಳಬೇಕಿದ್ದ ಬಾಂಬುಗಳಲ್ಲಿ ಬಹುಪಾಲು ಪಕ್ಕದ ಹೇಲಿಂಗ್ ದ್ವೀಪದ ಕಡೆ ಬಿದ್ದವು. ಸುಳ್ಳು ಬೆಂಕಿ ಪಾಸಾಯಿತು. ಆದರೆ ಅದೇ ದ್ವೀಪದ ಸಿನಾ ಬಯಲಿನಲ್ಲಿ ವಿಮಾನ ಹೊಡೆಯುವ ಫಿರಂಗಿಯ ಹತ್ತಿರ ಇದ್ದ ಆರು ಜನ ಸೈನಿಕರು ಅವತ್ತು ಸತ್ತರು. ಅವರ ಹೆಸರಿನ ಫಲಕ ಅಲ್ಲಿದೆ. ಒಟ್ಟು ನೋಡಿದರೆ 1944ರ ಜೂನ್ ಹೊತ್ತಿಗೆ ಈ ಸುಳ್ಳು ಜಾಗಗಳ ಮೇಲೆ 730 ಸಲ ದಾಳಿಯಾಗಿತ್ತು. ಆ ಬಾಂಬುಗಳೆಲ್ಲ ಊರುಗಳ ಮೇಲೆ ಬಿದ್ದಿದ್ದರೆ ಕ್ಯಾಸಲ್ ಪಾರ್ಕಿನಂಥ ಗೋಡೆಗಳ ಮೇಲೆ ಇನ್ನೂ ಎಷ್ಟು ಹೆಸರು ಬರೆಯಬೇಕಿತ್ತೋ. ಆದ್ದರಿಂದ ಟರ್ನರ್ ಮಾಡಿದ್ದು ತಪ್ಪು ಅಂತ ಹೇಳುವ ಬಾಯಿ ನನಗಿಲ್ಲ. ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದ್ದರೆ ನಾನೂ ಸ್ವಿಚ್ ಒತ್ತಿಸುತ್ತಿದ್ದೆ. ಒತ್ತಿಸಿ ಆಮೇಲೆ ನಿದ್ದೆ ಬರುತ್ತಿತ್ತಾ ಅನ್ನುವುದು ಬೇರೆ.

ಪ್ಯಾರಿಸ್‌ನ ದೀಪದವರು

ಇದು ಬ್ರಿಟಿಷರೇ ಮೊದಲು ಕಂಡುಹಿಡಿದದ್ದಲ್ಲ. ಮೊದಲ ಮಹಾಯುದ್ಧದ ಕೊನೆಗೆ ಫ್ರಾನ್ಸಿನವರು ಇನ್ನೊಂದು ಪ್ಯಾರಿಸ್ ಕಟ್ಟಲು ಹೊರಟಿದ್ದರು. ಜರ್ಮನ್ನರ ಗೋಥಾ ವಿಮಾನಗಳು ರಾತ್ರಿ ಹೊತ್ತು ಹೊಳೆಯುವ ಸೆನ್ ನದಿಯನ್ನು ನೋಡಿಕೊಂಡು ದಾರಿ ಹಿಡಿಯುತ್ತಿದ್ದವು. ಊರಿನ ದೀಪ ಆರಿಸಬಹುದು, ನದಿಯ ಮೇಲಿನ ಬೆಳದಿಂಗಳನ್ನು ಯಾರು ಆರಿಸುತ್ತಾರೆ? ಪ್ಯಾರಿಸ್ ದಾಟಿ ಮುಂದಕ್ಕೆ ಹರಿದು ಮೇಸೊ-ಲಫೀತ್ ಹತ್ತಿರ ಬಂದಾಗ ನದಿ ಪ್ಯಾರಿಸ್‌ನಲ್ಲಿ ತಿರುಗುವ ಹಾಗೆಯೇ ತಿರುಗುತ್ತದೆ. ಅಲ್ಲೊಂದು ಸುಳ್ಳು ಪ್ಯಾರಿಸ್ ಅಂತ ಯೋಜನೆ. ಈಶಾನ್ಯಕ್ಕೆ ವಿಲ್‌ಪಾಂತ್ ಹತ್ತಿರ ಸುಳ್ಳು ರೈಲು ನಿಲ್ದಾಣದ ಕೆಲಸ ಶುರುವಾಗಿತ್ತು. ದೀಪದ ಕೆಲಸ ಮಾಡಿದವರು ಫೆರ್ನಾಂಡ್ ಜಾಕೊಪೊಝಿ, ಇಟಲಿಯಲ್ಲಿ ಹುಟ್ಟಿದವರು. ಬೆಳಕು ದಾಟುವ ಹಾಗೆ ಬಣ್ಣ ಹಚ್ಚಿದ ಬಟ್ಟೆ ಚಾಚಿ, ಕೆಳಗೆ ದೀಪ ಇಟ್ಟು ಕಾರ್ಖಾನೆಯ ಕೊಳೆ ಹಿಡಿದ ಗಾಜಿನ ಛಾವಣಿ ಮಾಡಿದರು. ದೀಪಗಳು ಒಂದರ ಹಿಂದೆ ಒಂದು ಸಾಗುವ ಹಾಗೆ ಮಾಡಿ ರೈಲು ಓಡಿಸಿದರು. ಅದು ಪೂರ್ತಿ ಮುಗಿಯುವ ಮೊದಲೇ, 1918ರ ನವೆಂಬರಿನಲ್ಲಿ ಯುದ್ಧವೇ ನಿಂತಿತು. ಏಳು ವರ್ಷದ ನಂತರ, 1925ರಲ್ಲಿ, ಇದೇ ಜಾಕೊಪೊಝಿ ನಿಜವಾದ ಐಫೆಲ್ ಗೋಪುರದ ಮೇಲೆ ಸಿತ್ರೋಎನ್ ಕಾರು ಕಂಪನಿಯ ಹೆಸರು ಬೆಳಗಿಸಿದರು. ಪ್ಯಾರಿಸ್ ಜನ ತಲೆಯೆತ್ತಿ ನೋಡಿದರು. ಬಾಂಬ್ ಕರೆಯಲು ಕಲಿತ ಕೈ, ಜನ ಕರೆಯಲು ದೀಪ ಹಚ್ಚಿತು. ಈ ಒಂದು ಸಂಗತಿ ನೆನೆದಾಗೆಲ್ಲ ನನಗೆ ಮನಸ್ಸು ಹಗುರಾಗುತ್ತದೆ.

ಅಪ್ಪ ಅಮ್ಮ ಇದ್ದ ಬಡಾವಣೆ

ಕೊನೆಯದಾಗಿ ಒಂದು ವಿಷಯ. ಇದರಲ್ಲಿ ಬೆಂಕಿಯೂ ಇಲ್ಲ, ಬಲ್ಬೂ ಇಲ್ಲ, ಬರೀ ಮಾತು. 1944ರ ಬೇಸಿಗೆಯಲ್ಲಿ ಜರ್ಮನ್ನರು ಪೈಲಟ್ ಇಲ್ಲದ ವಿ-1 ಹಾರುಬಾಂಬುಗಳನ್ನು ಲಂಡನ್ ಮೇಲೆ ಬಿಡತೊಡಗಿದರು. ಗುರಿ ನಡು ಲಂಡನ್ನಿನ ಟವರ್ ಬ್ರಿಡ್ಜ್. ಆದರೆ ಹೆಚ್ಚಿನವು ಕೆಲವು ಮೈಲಿ ಇತ್ತಲೇ, ದಕ್ಷಿಣ ಲಂಡನ್ನಿನ ಡಲ್ವಿಚ್ ಕಡೆ ಬೀಳುತ್ತಿದ್ದವು. ಎಲ್ಲಿ ಬೀಳುತ್ತಿದೆ ಅಂತ ಜರ್ಮನ್ನರು ತಮ್ಮ ಗೂಢಚಾರರನ್ನು ಕೇಳುತ್ತಿದ್ದರು. ಆ ಗೂಢಚಾರರೆಲ್ಲ ಅಷ್ಟರಲ್ಲಿ ಬ್ರಿಟಿಷರ ಕೈಯಲ್ಲಿದ್ದರು. ಏನು ಉತ್ತರ ಕೊಡಿಸಬೇಕು? ಆರ್. ವಿ. ಜೋನ್ಸ್ ಅನ್ನುವ ವಿಜ್ಞಾನಿ, ಬಾಂಬ್ ಗುರಿ ದಾಟಿ ಮುಂದೆ ಹೋಗುತ್ತಿದೆ ಅಂತ ನಂಬಿಸೋಣ ಅಂದರು. ಆಗ ಅವರು ದೂರ ಇನ್ನೂ ಕಡಿಮೆ ಮಾಡುತ್ತಾರೆ, ಜನ ಕಿಕ್ಕಿರಿದ ನಡು ಲಂಡನ್ ಉಳಿಯುತ್ತದೆ, ಒಟ್ಟು ಸಾವು ಕಡಿಮೆಯಾಗುತ್ತದೆ. ಆದರೆ ದಕ್ಷಿಣದವರ ಪಾಲಿಗೆ ಜಾಸ್ತಿ ಬೀಳುತ್ತದೆ. ಜೋನ್ಸ್ ಅವರ ಅಪ್ಪ ಅಮ್ಮ ಇದ್ದದ್ದು ಅದೇ ದಕ್ಷಿಣ ಲಂಡನ್ನಿನಲ್ಲಿ. ಅವರು ಓದಿದ ಶಾಲೆಯೂ ಅಲ್ಲೇ. ಅದು ಗೊತ್ತಿದ್ದೇ ಸಲಹೆ ಕೊಟ್ಟರು. ಗೃಹಮಂತ್ರಿ ಹರ್ಬರ್ಟ್ ಮಾರಿಸನ್ ವಿರೋಧಿಸಿದರು. ಯಾರ ಮೇಲೆ ಬಾಂಬ್ ಬೀಳಬೇಕು ಅಂತ ತೀರ್ಮಾನಿಸುವ ಹಕ್ಕು ನಮಗೆಲ್ಲಿದೆ ಅನ್ನುವುದು ಅವರ ಅಳಲು. ಕೆಲಸ ಮಾತ್ರ ನಡೆದೇ ನಡೆಯಿತು. ಅತಿ ಹೆಚ್ಚು ವಿ-1 ಬಿದ್ದದ್ದು ದಕ್ಷಿಣದ ಕ್ರಾಯ್ಡನ್ ಮೇಲೆ.

ಮಾರಿಸನ್ ಕೇಳಿದ್ದು ನಾನು ಗುಡ್ಡದ ಮೇಲೆ ಕೇಳಿಕೊಂಡ ಪ್ರಶ್ನೆಯೇ. ಜೋನ್ಸ್ ಕೊಟ್ಟದ್ದು ಲೆಕ್ಕದ ಉತ್ತರ. ಆದರೆ ತನ್ನ ಹೆತ್ತವರನ್ನೂ ಆ ಲೆಕ್ಕದೊಳಗೇ ಇಟ್ಟು ಕೊಟ್ಟ ಉತ್ತರ. ನನಗೆ ಇಬ್ಬರ ಮೇಲೂ ಗೌರವ.

ಮೇ 7ರ ರಾತ್ರಿ ಇದೆಲ್ಲವನ್ನೂ ಅಮ್ಮನಿಗೆ ಹೇಳಿದೆ, ಕತ್ತಲಲ್ಲೇ. ಅವಳು ಮಧ್ಯೆ ಮಾತಾಡದೆ ಕೇಳಿದಳು. ಬಂಕರ್ ಹುಡುಗರ ಬಗ್ಗೆ ಹೇಳುವಾಗ ಒಂದು ಸಲ "ಪಾಪ" ಅಂದಳು, ಅಷ್ಟೇ. ಕೊನೆಗೆ ನಾನು ಕೇಳಿದೆ: "ಅಮ್ಮಾ, ಎಪ್ಪತ್ತೊಂದರಲ್ಲಿ ದೀಪ ಆರಿಸಿಕೊಂಡು ಕೂತಾಗ, ನಮ್ಮ ಮನೆ ಕಾಣದಿದ್ದರೆ ವಿಮಾನ ಎಲ್ಲಿಗೆ ಹೋಗುತ್ತೆ ಅಂತ ಅನ್ನಿಸಿತ್ತಾ ನಿನಗೆ?"

"ಅನ್ನಿಸದೆ ಇರ್ತದಾ? ಮೊದಲು, ಪಕ್ಕದ ಊರಿಗೆ ಹೋಗ್ಲಿ ದೇವರೇ ಅಂತ ಬೇಡ್ಕೊಂಡೆ. ಅಲ್ಲೂ ಮಕ್ಕಳು ಇರ್ತಾವಲ್ಲ ಅಂತ ಹೆದರಿಕೆ ಆಯ್ತು. ಆಮೇಲೆ ಸಮುದ್ರಕ್ಕೆ ಬೀಳ್ಲಿ ಅಂತ ಬೇಡ್ಕೊಂಡೆ."

"ಅದು ಸರಿ ಹೋಯ್ತಲ್ಲ."

"ಎಲ್ಲಿ ಸರಿ? ನಮ್ಮ ಚಾಳಿನ ಗ್ಯಾಲರಿಯಿಂದ ಸಮುದ್ರ ಕಾಣ್ತಿತ್ತು. ಮೀನಿನವರ ದೋಣಿ ಇದ್ವು. ದೀಪ ಆರಿಸ್ಕೊಂಡು ಅವರೂ ಅಲ್ಲೇ ಕೂತಿದ್ರು."

ಎದ್ದು ಹೋಗಿ ಹರಿವಾಣ ತೆಗೆದಳು. ದೀಪವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಗೂಡಿನಲ್ಲಿ ಇಟ್ಟಳು.